ಶೂಲಪ್ಪ ಸಾಹೇಬರ ಪಾಸ್‌ವರ್ಡ್

ಒಂದು ಕಾಡಿನಲ್ಲಿ ಒಂದು ಕಚೇರಿ ಇತ್ತು. ಕಾಡಿಗೆ ಕಚೇರಿ ಯಾಕೆ ಅಂತ ಕೇಳಬೇಡಿ, ಇತ್ತು ಅಂದರೆ ಇತ್ತು. ಅಲ್ಲೊಂದು ಸರ್ವರೂ ಇತ್ತು. ಅದರ ಉಸ್ತುವಾರಿ ಮುಳ್ಳುಹಂದಿ ಶೂಲಪ್ಪನದು.

ಆ ಕಾಡಿನ ತಾಯಂದಿರು ಎಳೆ ಮರಿಗಳನ್ನು ಪೊದೆಯಲ್ಲೋ ಬಿಲದಲ್ಲೋ ಅಡಗಿಸಿಟ್ಟು ಮೇಯಲು ಹೋಗುತ್ತಿದ್ದರು. ಮರಿಗಳು ಎಲ್ಲೆಲ್ಲಿವೆ ಎಂಬ ಪಟ್ಟಿಯನ್ನು ಶೂಲಪ್ಪ ದಿನಾ ಬೆಳಿಗ್ಗೆ ಸರ್ವರ್ ಮೂಲಕ ಎದುರು ಗುಡ್ಡದ ಕಾವಲು ಕೋತಿಗಳಿಗೆ ಕಳಿಸಬೇಕು. ಕೋತಿಗಳು ಆ ಜಾಗಗಳ ಮೇಲೆ ಕಣ್ಣಿಡಬೇಕು. ಪಟ್ಟಿಯ ಫೈಲ್ ತೆರೆಯಲು ಪಾಸ್‌ವರ್ಡ್ ಬೇಕು. ಅದೇನಾದರೂ ನರಿಗೆ ಸಿಕ್ಕಿತೋ, ಮರಿಗಳ ಕಥೆ ಮುಗಿಯಿತು.

ಒಂದು ದಿನ ಜಿಂಕೆ ಹೊನ್ನವ್ವ ಹೆದರುತ್ತಲೇ ಕೇಳಿದಳು, "ಸಾಹೇಬ್ರೇ, ಪಾಸ್‌ವರ್ಡ್ ಗಟ್ಟಿಯಾಗಿದೆ ತಾನೇ?"

ಶೂಲಪ್ಪನಿಗೆ ಮೈಯೆಲ್ಲಾ ಉರಿದುಹೋಯಿತು. ಹುಲ್ಲು ತಿನ್ನುವವಳು ತನಗೆ ಬುದ್ಧಿ ಹೇಳುವುದೇ!

"ನೋಡಮ್ಮ, ಹುಲಿಯೇ ನನ್ನ ಮೈ ಮುಟ್ಟಲು ಹೆದರುತ್ತೆ. ನನ್ನ ಫೈಲ್ ಮುಟ್ಟೋ ಧೈರ್ಯ ಯಾರಿಗಿದೆ? ಹೋಗು, ಹೋಗು."

ಅವಳು ಹೋದಳು. ಹಿಂದೆಯೇ ನರಿ ಕೆಂಚಣ್ಣ ಬಂದ, ಕೈಕಟ್ಟಿ ನಿಂತ.

"ಸಾಹೇಬ್ರೇ, ಇಷ್ಟೊಂದು ಕೆಲಸದ ಮಧ್ಯೆ ಪಾಸ್‌ವರ್ಡ್ ಬೇರೆ ನೆನಪಿಟ್ಟುಕೊಳ್ಳಬೇಕಲ್ಲ. ನಮ್ಮಂಥವರಿಗಾದರೆ ತಲೆ ಕೆಟ್ಟುಹೋಗುತ್ತೆ."

ಹೊಗಳಿಕೆ ಶೂಲಪ್ಪನಿಗೆ ಹಲಸಿನ ತೊಳೆಯಷ್ಟೇ ಇಷ್ಟ. "ಅದರಲ್ಲೇನಿದೆಯೋ? ತನ್ನ ಹೆಸರನ್ನು ತಾನೇ ಮರೆಯೋನು ಯಾವನಾದರೂ ಇದ್ದಾನಾ?" ಎಂದು ನಕ್ಕ. ಹೇಳಿದ್ದೇನು ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಬುದ್ಧಿವಂತರ ಹಣೆಬರಹವೇ ಅಷ್ಟು.

ಕೆಂಚಣ್ಣ ಮನೆಗೆ ಓಡಿ ತನ್ನ ಹಳೇ ಕಂಪ್ಯೂಟರ್ ಮುಂದೆ ಕುಳಿತ. ಕಚೇರಿಯ ಸರ್ವರಿಗೆ ಹೊಕ್ಕು, ಪಟ್ಟಿಯ ಫೈಲಿಗೆ 'ಶೂಲಪ್ಪ' ಎಂದು ಒತ್ತಿದ. ತೆರೆಯಲಿಲ್ಲ. ಕೊನೆಗೆ 123 ಸೇರಿಸಿದ. ಇಂಥ ಸಾಹೇಬರಿಗೆ ಅದಕ್ಕಿಂತ ಮುಂದಿನ ಎಣಿಕೆ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಫೈಲ್ ತೆರೆದೇಬಿಟ್ಟಿತು!

ಮೊದಲ ಸಾಲಿನಲ್ಲಿ ಹೀಗಿತ್ತು: 'ಬಿದಿರು ಮೆಳೆಯ ಕೆಳಗಿನ ಬಿಲ. ಎರಡು ಮರಿ, ತೀರಾ ಎಳೆಯವು.' ಹಸಿದ ಕೆಂಚಣ್ಣ ಮುಂದೆ ಓದಲಿಲ್ಲ. ಒಂದೇ ಓಟ ಓಡಿ ಬಿಲದೊಳಗೆ ಮೂತಿ ತೂರಿಸಿದ.

ಆ ಬಿಲ ಯಾರದು ಗೊತ್ತೇ? ಶೂಲಪ್ಪನದೇ! ಸಾಹೇಬರ ಮಕ್ಕಳು ಪಟ್ಟಿಯಲ್ಲಿ ಎಲ್ಲರಿಗಿಂತ ಮೊದಲಿರಬೇಕಲ್ಲವೇ? ಮರಿಗಳ ಮುಳ್ಳು ಇನ್ನೂ ಬಲಿತಿರಲಿಲ್ಲ. ಅವು ಕಿರುಚಿದವು. ಒಳಗಿದ್ದ ಅವುಗಳ ತಾಯಿ ಶಿವಕ್ಕ ಗಿರ್ರನೆ ತಿರುಗಿ ಹಿಮ್ಮುಖವಾಗಿ ನುಗ್ಗಿದಳು. ಕೆಂಚಣ್ಣನ ಮೂತಿಗೆ, ಕೆನ್ನೆಗೆ, ನಾಲಿಗೆಗೆ ಇಪ್ಪತ್ತು ಮುಳ್ಳು ನೆಟ್ಟವು.

"ಅಯ್ಯಯ್ಯೋ, ಸತ್ತೆ!"

ಕೂಗು ಕೇಳಿ ಕಾಡೆಲ್ಲ ಸೇರಿತು. ಶೂಲಪ್ಪನೂ ಏದುಸಿರು ಬಿಡುತ್ತಾ ಬಂದ. ಕೋತಿಗಳು ನಾಲ್ಕು ಬಿಗಿದ ಮೇಲೆ ಕೆಂಚಣ್ಣ ತೊದಲುತ್ತಾ ಎಲ್ಲ ಬಾಯಿಬಿಟ್ಟ. ಪಾಸ್‌ವರ್ಡ್ ಏನೆಂದು ಎಲ್ಲರ ಎದುರೇ ಹೇಳಿದ.

"ಥೂ ನಿಮ್ಮ!" ಎಂದಳು ಶಿವಕ್ಕ. "ಮೈತುಂಬ ಮುಳ್ಳು ಹೊತ್ತಿದ್ದೀರಿ, ಪಾಸ್‌ವರ್ಡಿಗೆ ಒಂದಾದರೂ ಮುಳ್ಳು ಬೇಡವೇ? ನನ್ನ ಮಕ್ಕಳು ಇವತ್ತು ಹೋಗಿಬಿಡುತ್ತಿದ್ದವಲ್ಲ!"

ಶೂಲಪ್ಪ ಮರಿಗಳನ್ನು ಒಂದೊಂದಾಗಿ ಮೂಸಿ ನೋಡಿದ. ಆದರೂ ಸಾಹೇಬನಲ್ಲವೇ, "ಈಗ ಯಾರಿಗೂ ಏನೂ ಆಗಲಿಲ್ಲವಲ್ಲ" ಎಂದ.

ಆಗ ಹೊನ್ನವ್ವ ಮುಂದೆ ಬಂದಳು. ಈ ಸಲ ಅವಳು ಹೆದರಲಿಲ್ಲ.

"ಪಟ್ಟಿಯ ಎರಡನೇ ಸಾಲಿನಲ್ಲಿ ನೀವು ಬರೆದುಕೊಂಡದ್ದು ನನ್ನ ಮರಿ, ಸಾಹೇಬ್ರೇ. ಅದಕ್ಕೆ ಮುಳ್ಳಿಲ್ಲ. ನನಗೂ ಇಲ್ಲ."

ಶೂಲಪ್ಪ ಮೆಲ್ಲಗೆ ಕಚೇರಿಯ ಬೀಗದ ಕೈ ತೆಗೆದು ಅವಳ ಮುಂದಿಟ್ಟ.

ನೀತಿ: ಊರಿಗೆಲ್ಲ ಗೊತ್ತಿರುವ ಹೆಸರನ್ನು ಪಾಸ್‌ವರ್ಡ್ ಮಾಡಿಕೊಂಡವನು ಕಳ್ಳನಿಗೆ ಬಾಗಿಲು ತೆರೆದಿಟ್ಟಂತೆ. ಪಾಸ್‌ವರ್ಡ್ ಉದ್ದವಿರಲಿ, ಯಾರೂ ಊಹಿಸಲಾಗದಂತಿರಲಿ. ನಂಬಿ ಕೊಟ್ಟವರ ಗುಟ್ಟು ನಮ್ಮ ಜಂಬಕ್ಕಿಂತ ದೊಡ್ಡದು.