ವಲ್ಲಿ ಕೆಳಗಿನ ಬೆರಳು

ಕೇಳಿ ಮಕ್ಕಳೇ, ಒಂದು ರಾಜ್ಯ. ಆ ರಾಜ್ಯದ ದನದ ಸಂತೆಗೆ ಒಂದು ಕಟ್ಟಳೆ. ಬೆಲೆಯನ್ನು ಬಾಯಲ್ಲಿ ಹೇಳುವಂತಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸಿ, ಅದರಡಿ ಒಬ್ಬರ ಬೆರಳನ್ನು ಒಬ್ಬರು ಹಿಡಿಯಬೇಕು. ಎಷ್ಟು ಬೆರಳೋ ಅಷ್ಟು ಹೊನ್ನು; ಎರಡು ಸಲ ಅದುಮಿದರೆ ಅದರ ಇಮ್ಮಡಿ. ಕೈ ಹಿಂದಕ್ಕೆಳೆಯದಿದ್ದರೆ ವ್ಯಾಪಾರ ಕುದುರಿತು.

ಜವರಪ್ಪ ಈ ವ್ಯಾಪಾರದಲ್ಲಿ ಪಳಗಿದ ಮುದುಕ. ಮಗಳು ನಿಂಗಿಗೆ ಅಪ್ಪನೆಂದರೆ ಬಲು ಹೆಮ್ಮೆ. ಹೆಮ್ಮೆ ಒಳ್ಳೆಯದೇ, ಬಟ್ಟೆಯಂತೆ ಕಣ್ಣಿಗೆ ಕಟ್ಟಿಕೊಳ್ಳದಿದ್ದರೆ.

ಒಂದು ಸಂತೆಯಲ್ಲಿ ಅಪ್ಪ ಹಾಲು ಕರೆಯುವ ಎಮ್ಮೆಯನ್ನು ಆಡಿನ ಬೆಲೆಗೆ ಕೊಟ್ಟು ಬಂದ. ಬೆಲೆ ಬಿದ್ದಿರಬೇಕು ಅಂದುಕೊಂಡಳು ನಿಂಗಿ. ಇನ್ನೊಂದು ಸಂತೆಯಲ್ಲಿ ಗೊಡ್ಡು ಹಸುವಿಗೆ ರಾಶಿ ಹೊನ್ನು ಸುರಿದ. ಅಪ್ಪನಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು ಅಂದುಕೊಂಡಳು. ಮೂರನೇ ಸಂತೆಯಿಂದ ಕೊಂಬಿಗೆ ಬಣ್ಣ ಬಳಿದ ಎತ್ತೊಂದನ್ನು ಹೊಡೆದುಕೊಂಡು ಬಂದ. ಎತ್ತು ಯಾರನ್ನೂ ಕೇಳದೆ ನೇರ ಕೊಟ್ಟಿಗೆಗೆ ಹೋಗಿ ತನ್ನ ಗೂಟದ ಹತ್ತಿರ ನಿಂತಿತು. ಹಿಂದೆ ಅವರೇ ಮಾರಿದ್ದ ಎತ್ತು ಅದು. ಮಬ್ಬುಗಣ್ಣಿನ ಅಪ್ಪನಿಗೆ ಗುರುತು ಸಿಕ್ಕಿರಲಿಲ್ಲ. ಎತ್ತಿಗೆ ತಿಳಿದದ್ದು ಮಗಳಿಗೆ ತಿಳಿಯಲು ಮೂರು ಸಂತೆ ಬೇಕಾಯಿತು, ನೋಡಿ.

ಮೂರು ಸಲವೂ ದಲ್ಲಾಳಿ ಒಬ್ಬನೇ, ಚೆಲುವ. ನಿಂಗಿ ವಲ್ಲಿಯಡಿ ಅಪ್ಪನ ಕೈ ಹಿಡಿದು, ಬೆರಳು ಒತ್ತಿ, ನಾನು ಎಷ್ಟು ಹಿಡಿದೆ ಹೇಳು ಅಂದಳು. ಜವರಪ್ಪ ನೆಲ ನೋಡಿದ.

"ಬೆರಳು ಜೋಮು ಹಿಡಿದು ವರ್ಷ ಆಯ್ತು ಕಣವ್ವ. ಹೇಳಿದ್ರೆ ಎಲ್ಲಿ ಸಂತೆ ಬಿಡಿಸಿಬಿಡ್ತೀಯೋ ಅಂತ ಸುಮ್ಮನಿದ್ದೆ. ಚೆಲುವ ಹೇಳಿದ್ದಕ್ಕೆಲ್ಲ ಹೂಂ ಅಂದೆ."

ನಿಂಗಿ ಸಂತೆ ಬಿಡಿಸಲಿಲ್ಲ. ಆದರೆ ಒಳ್ಳೆ ಬೆಲೆಗೆ ಮಾರಲು ಉಳಿದಿದ್ದದ್ದು ಸಾಕಿ ಬೆಳೆಸಿದ ಹೋರಿ ಜೋಡಿ ಒಂದೇ. ಅದೂ ಆಡಿನ ಬೆಲೆಗೆ ಹೋದರೆ ಮನೆಯ ಒಲೆ ಉರಿಯುವಂತಿರಲಿಲ್ಲ. ಬಳೆ ತೆಗೆದಿಟ್ಟು, ಚಳಿಯ ನೆಪದಲ್ಲಿ ಅಪ್ಪನ ಕಂಬಳಿಯೊಳಗೆ ಅವನ ಬೆನ್ನಿಗಂಟಿ ಸಂತೆಯಲ್ಲಿ ಕೂತಳು.

ಚೆಲುವ ಬಂದ, ವಲ್ಲಿ ಹೊದಿಸಿದ, ಒಂದೇ ಬೆರಳು ಹಿಡಿದ. ಅದು ಅಪ್ಪನ ಕೈಯ ಬದಲು ಕಂಬಳಿಯೊಳಗಿಂದ ಚಾಚಿದ್ದ ನಿಂಗಿಯ ಬೆರಳು. ಅವಳು ಅವನ ಐದೂ ಬೆರಳು ಹಿಡಿದು ಎರಡು ಸಲ ಅದುಮಿದಳು. ಮುದುಕನ ಕೈನಡುಕ ಅಂದುಕೊಂಡು ಚೆಲುವ ಕೈ ಎಳೆಯಲಿಲ್ಲ. ವ್ಯಾಪಾರ ಕುದುರಿತು ಅಂತ ಸಂತೆಗೆಲ್ಲ ಕೇಳುವಂತೆ ಸಾರಿದ.

ನಿಂಗಿ ಕಂಬಳಿ ಸರಿಸಿದಳು. "ಹಂಗಾದ್ರೆ ಹತ್ತು ಹೊನ್ನು ಎಣಿಸು ಚೆಲುವಣ್ಣ."

ಹತ್ತಲ್ಲ ಅಂತ ಅವನು ತೊದಲಿದ.

"ಹತ್ತಲ್ವಾ? ಸರಿ, ಈ ಜೋಡಿಗೆ ನೀನು ಹಿಡಿದದ್ದು ಎಷ್ಟು ಅಂತ ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳು."

ಒಂದು ಅಂದರೆ ಇನ್ನು ಯಾರೂ ಅವನ ವಲ್ಲಿಯಡಿ ಕೈ ಇಡರು. ಇಂಗು ತಿಂದ ಮಂಗನಂತಾದ ಚೆಲುವ ಹತ್ತೂ ಹೊನ್ನು ಎಣಿಸಿಟ್ಟ. ಅಲ್ಲಿಂದಾಚೆ ಸಂತೆಯಲ್ಲಿ ಮಾತು ಅಪ್ಪನದು, ಬೆರಳು ಮಗಳದು.

ನೀತಿ ಇಷ್ಟೇ ಮಕ್ಕಳೇ. ಹೆತ್ತವರು ಮೊದಲ ಸಲ ಎಡವಿದಾಗಲೇ ಹೋಗಿ ಪಕ್ಕದಲ್ಲಿ ಕೂರಿ. ಅವರ ಕೈ ಸೋತಿದ್ದು ಮಕ್ಕಳಿಗಿಂತ ಮೊದಲು ಕಳ್ಳನಿಗೆ ಕಂಡರೆ, ಆ ಮನೆಯಲ್ಲಿ ಕುರುಡರು ಮುದುಕರಲ್ಲ.