ರಾಚಯ್ಯ ಕೇಳದ ಕವಿತೆ

ಹೊಳೆಯಾಚೆಯ ರಾಚಯ್ಯ ಪ್ರತಿ ಹುಣ್ಣಿಮೆಗೂ ಆಶ್ರಮಕ್ಕೆ ಒಂದು ಕವಿತೆ ಕಳಿಸುತ್ತಿದ್ದ. ಶಿಷ್ಯೆ ನೀಲವ್ವ ಅದನ್ನು ಆಶ್ರಮದ ಪುಸ್ತಕಕ್ಕೆ ಇಳಿಸಿ, ಸಂಜೆ ಸಭೆಯಲ್ಲಿ ಓದುವಳು. ಬರೆದವನು ಮುಂದೆ ಕೂತು ಕೇಳಬೇಕು. ಅಲ್ಲಿಯ ಪದ್ಧತಿ ಅದು.

ಈ ಸಲ ಅವಳು ಹಾಳೆಯನ್ನು ಗುರು ಶಿವಬಸವಯ್ಯನವರ ಮುಂದೆ ತಂದು ಕುಕ್ಕಿದಳು.

"ಇನ್ನು ನನ್ನ ಕೈಲಾಗದು ಅಯ್ಯಾ. ಏಳು ವರ್ಷವಾಯಿತು. ಅದೇ ಚಂದ್ರ, ಅದೇ ತಾವರೆ, ಕೊನೆಗೊಂದು ಉಪದೇಶ. ಹಳೆಯ ಕವಿಗಳೇ ವಾಸಿ. ಸತ್ತ ಮೇಲೆ ಯಾರೂ ನಿರಾಸೆ ಮಾಡುವುದಿಲ್ಲ."

ಗುರುಗಳು ನಕ್ಕರು. "ಏನು ಮಾಡೋಣ ಅಂತೀಯ?"

"ಇನ್ನು ಬರಬೇಡ ಅಂತ ಹೇಳಿಬಿಡಿ."

"ಹೇಳೋಣ. ಅದಕ್ಕೆ ಮೊದಲು, ಅವನ ಕವಿತೆಗಳಲ್ಲಿ ನಿನಗೆ ಹಿಡಿಸಿದ ಒಂದು ಸಾಲು ಹೇಳು."

ನೀಲವ್ವ ತಡವರಿಸಲಿಲ್ಲ. "ಅಂಬಿಗನಿಲ್ಲದ ದೋಣಿಯಲ್ಲಿ ಬೆಳದಿಂಗಳೊಂದೇ ಕೂತಿತ್ತು. ಹೋದ ಕಾರ್ತಿಕದ್ದು."

"ಅವನ ಕೈಬರಹದ ಹಾಳೆ ತಾ."

ತಂದಳು.

"ಓದು."

"ಚಂದ್ರನು ಬಾನಲಿ ಬೆಳಗಿದನು, ದೋಣಿಯು ನೀರಲಿ ತೇಲಿದುದು."

"ಬೆಳದಿಂಗಳು ಎಲ್ಲಿ ಕೂತಿದೆ ತಾಯಿ?"

ನೀಲವ್ವ ಸೆರಗಿನ ಅಂಚು ಹಿಡಿದುಕೊಂಡಳು. "ತೀರಾ ಸಪ್ಪೆಯಾಗಿತ್ತು ಅಯ್ಯಾ. ಇಳಿಸಿಕೊಳ್ಳುವಾಗ ಸ್ವಲ್ಪ ತಿದ್ದಿದೆ."

"ಇದೊಂದನ್ನೇ?"

"ಎಲ್ಲವನ್ನೂ. ಸ್ವಲ್ಪ ಸ್ವಲ್ಪ."

"ಕೇಳಿ ಅವನೇನಂದ?"

"ನಿಮ್ಮ ಬಾಯಲ್ಲಿ ನನ್ನ ಕವಿತೆಗೆ ಕಳೆ ಬರುತ್ತೆ ಅಕ್ಕಾ, ಅಂದ. ಸಭೆಯವರೂ ಭೇಷ್ ಅಂದರು."

"ಹಾಗಾದರೆ ರಾಚಯ್ಯ ಏಳು ವರ್ಷದಿಂದ ತನ್ನ ಕವಿತೆಯನ್ನು ಕೇಳಿಯೇ ಇಲ್ಲ."

ನೀಲವ್ವ ಈ ಹುಣ್ಣಿಮೆಯ ಹಾಳೆಯನ್ನು ಎತ್ತಿಕೊಂಡಳು.

"ಇದನ್ನು ಇದ್ದ ಹಾಗೇ ಓದಿದರೆ ಜನ ನಗುತ್ತಾರೆ."

"ನಗಬಹುದು."

"ಅವನು ಬರೆಯುವುದನ್ನೇ ಬಿಟ್ಟರೆ?"

"ಬಿಟ್ಟಾನು."

ಅವಳು ಹಲ್ಲು ಕಚ್ಚಿ ಅಕ್ಷರಕ್ಕಕ್ಷರ ಇಳಿಸಿದಳು. ಸಂಜೆ ಹಾಗೇ ಓದಿದಳು. ನಾಲ್ಕನೆಯ ಸಾಲಿಗೆ ಯಾರೋ ಕೆಮ್ಮಿದರು. ತೂಗುತ್ತಿದ್ದ ರಾಚಯ್ಯನ ತಲೆ ನಿಂತಿತು. ಸಭೆ ಮುಗಿದಾಗ ಅವನು ಯಾರಿಗೂ ಹೇಳದೆ ದೋಣಿ ಹತ್ತಿದ್ದ.

ಮರು ಹುಣ್ಣಿಮೆಗೆ ಕವಿತೆ ಬರಲಿಲ್ಲ. ಅದರ ಮರು ಹುಣ್ಣಿಮೆಗೂ ಇಲ್ಲ. ನೀಲವ್ವ ದಿನಾ ಹೊಳೆಯ ದಾರಿ ನೋಡಿದಳು. ಸಮಾಧಾನದ ಒಂದು ಓಲೆ ಬರೆದು, ತಾನೇ ಹರಿದು ಹಾಕಿದಳು.

ಮೂರನೆಯ ಹುಣ್ಣಿಮೆಗೆ ಹಾಳೆ ಬಂತು. ತುಂಬಾ ಹೊಡೆದು ಹಾಕಿದ ಗೆರೆಗಳು. ಅವುಗಳ ನಡುವೆ ಬದುಕಿ ಉಳಿದದ್ದು ನಾಲ್ಕೇ ಸಾಲು. ಆ ಸಾಲುಗಳಲ್ಲಿ ಚಂದ್ರನಿರಲಿಲ್ಲ. ರಾಚಯ್ಯನ ಅವ್ವ ಒದ್ದೆ ಸೌದೆ ಊದುತ್ತಾ ಕೂತಿದ್ದಳು.

ನೀಲವ್ವ ಓಡಿ ಬಂದಳು. "ಅಯ್ಯಾ, ನೋಡಿ! ಮೂರನೆಯ ಸಾಲಿನಲ್ಲಿ ಒಂದೇ ಒಂದು ಪದ ಕುಂಟುತ್ತಿದೆ. ಅದೊಂದನ್ನು ತಿದ್ದಿಬಿಡಲೇ?"

ಶಿವಬಸವಯ್ಯನವರು ಅವಳ ಕೈಯಿಂದ ಲೇಖನಿ ತೆಗೆದುಕೊಂಡರು.

"ಕುಂಟಲಿ ಬಿಡು ತಾಯಿ. ಈಗ ನಡೆಯುತ್ತಿರುವವನು ಅವನು."