ಗುದ್ದಪ್ಪ ಉಜ್ಜಿದ ಬೆಳ್ಳಿ ನಾಣ್ಯ

ಮಕ್ಕಳೇ, ನಿಮ್ಮಲ್ಲಿ ಕೆಲವರು ಅಂಚೆಚೀಟಿ ಕೂಡಿಡುತ್ತೀರಿ, ಕೆಲವರು ಗೋಲಿ ಕೂಡಿಡುತ್ತೀರಿ. ಬಿದಿರುಕೋಟೆ ಕಾಡಿನ ಪ್ರಾಣಿಗಳಿಗೆ ಹಳೆಯ ಬೆಳ್ಳಿ ನಾಣ್ಯಗಳ ಹುಚ್ಚು. ಆ ಕಾಡಿನ ನಡುವೆ ಒಂದು ಹಾಳು ಕೋಟೆ, ಅದರ ಪಕ್ಕದಲ್ಲಿ ಒಂದು ಕೆರೆ. ಮಳೆಗೆ ಕೋಟೆಯ ಮಣ್ಣು ಕೊಚ್ಚಿಹೋದಾಗಲೆಲ್ಲ ಯಾವುದೋ ಕಾಲದ ರಾಜರ ನಾಣ್ಯಗಳು ಮೇಲೆ ಬರುತ್ತಿದ್ದವು. ಅವುಗಳಿಂದ ಏನೂ ಕೊಳ್ಳುವಂತಿರಲಿಲ್ಲ, ಕಾಡಿನಲ್ಲಿ ಅಂಗಡಿ ಎಲ್ಲಿದೆ? ಹುಡುಕುವುದೇ ಖುಷಿ, ತೊಳೆದು ನೋಡುವುದೇ ಖುಷಿ.

ನಾಣ್ಯಗಳ ಮೇಲೆ ಪ್ರಾಣಿಗಳ ಚಿತ್ರ ಇರುತ್ತಿತ್ತು. ಅದರಿಂದಲೇ ಅಲ್ಲೊಂದು ಪದ್ಧತಿ ಬೆಳೆದಿತ್ತು. ಹುಣ್ಣಿಮೆಯ ಮರುದಿನ ಬೆಳಿಗ್ಗೆ ಎಲ್ಲರೂ ಕೆರೆಯ ದಡದಲ್ಲಿ ಸೇರುತ್ತಿದ್ದರು. ಯಾರ ಚಿತ್ರ ನಾಣ್ಯದ ಮೇಲೆ ಸಿಕ್ಕಿದೆಯೋ ಅವರ ಕುಲಕ್ಕೆಲ್ಲ ಹಾಸುಬಂಡೆಯ ಮೇಲೆ ಜಾಗ, ಉಳಿದವರಿಗೆ ಕೆಳಗಿನ ಕೆಸರು. ಆನೆ, ಹುಲಿ, ಕಾಡುಹಂದಿ ಬಂಡೆಯ ಮೇಲೆ ಠೀವಿಯಿಂದ ಕೂರುತ್ತಿದ್ದವು. ಹೆಗ್ಗಣ ಗುದ್ದಪ್ಪ ಕೆಸರಿನಲ್ಲಿ ಕೂರುತ್ತಿದ್ದ.

ಅವನಿಗೆ ಅದೇ ಒಂದು ಕೊರಗು. ಅಗೆಯುವುದರಲ್ಲಿ ಅವನನ್ನು ಮೀರಿಸುವವರೇ ಇರಲಿಲ್ಲ. ಆನೆಯ ನಾಣ್ಯ ಹುಡುಕಿಕೊಟ್ಟವನೂ ಅವನೇ. ಇದ್ದ ದೋಷ ಒಂದೇ, ಆತುರ. ಹಲಸು ಹಣ್ಣಾಗುವ ಮೊದಲೇ ಕಚ್ಚಿ ಮೂತಿಗೆಲ್ಲ ಅಂಟು ಮೆತ್ತಿಕೊಳ್ಳುವ ಆಸಾಮಿ. ಮರದ ಮೇಲಿನ ಕಾಗೆ ಕೊಂಕಮ್ಮ ಅವನನ್ನು ರೇಗಿಸದ ದಿನವಿಲ್ಲ.

"ನಿಮ್ಮವರ ಚಿತ್ರವನ್ನು ನಾಣ್ಯದ ಮೇಲೆ ಯಾಕೆ ಹುಡುಕ್ತೀಯ ಗುದ್ದಪ್ಪ? ಕಣಜದ ಬಾಗಿಲ ಮೇಲೆ ನೋಡು, 'ಒಳಗೆ ಬಿಡಬೇಡಿ' ಅಂತ ಬರೆದು ಹಾಕಿರ್ತಾರೆ" ಎಂದು ನಗುತ್ತಿದ್ದಳು.

ಒಂದು ಹುಣ್ಣಿಮೆಯ ದಿನ ಹುಣಸೆಮರದ ಬೇರಿನ ಬಳಿ ಅಗೆಯುವಾಗ ಅವನಿಗೆ ಕಪ್ಪು ಹಿಡಿದ ದಪ್ಪ ನಾಣ್ಯವೊಂದು ಸಿಕ್ಕಿತು. ಬೆಳಕಿಗೆ ಹಿಡಿದು ನೋಡಿದ. ಕೊಳೆಯ ನಡುವೆ ಒಂದು ಬಾಲ ಕಂಡ ಹಾಗಾಯಿತು, ಪುಟ್ಟದೊಂದು ಕಿವಿಯೂ ಕಂಡಿತು. ಗುದ್ದಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾಡಿನ ನಾಣ್ಯಗಳನ್ನೆಲ್ಲ ತೊಳೆದುಕೊಡುವ ಮುದಿ ಆಮೆ ಚಿಪ್ಪಜ್ಜಿಯ ಹತ್ತಿರ ಓಡಿದ.

ಚಿಪ್ಪಜ್ಜಿಯ ಕ್ರಮ ಹೀಗಿತ್ತು: ಬಾಯಿ ಒಡೆದ ಮಡಕೆಯಲ್ಲಿ ಅಂಟುವಾಳದ ನೀರು ಹಾಕಿ ಎಂಟು ದಿನ ನಾಣ್ಯ ನೆನೆಸುವುದು, ದಿನಕ್ಕೊಮ್ಮೆ ನೀರು ಬದಲಿಸುವುದು, ಕೊನೆಗೆ ಬೂರುಗದ ಅರಳೆಯಿಂದ ಒತ್ತಿ ಒರೆಸುವುದು.

"ಎಂಟು ದಿನವಾ? ಸಭೆ ನಾಳೆನೇ ಇದೆಯಲ್ಲ ಅಜ್ಜಿ" ಎಂದ ಗುದ್ದಪ್ಪ.

"ಮುಂದಿನ ಹುಣ್ಣಿಮೆ ಎಲ್ಲಿಗೂ ಓಡಿಹೋಗಲ್ಲ ಮಗ. ಬೆಳ್ಳಿ ಬಲು ಮೆತ್ತಗಿನದು. ಕೊಳೆ ತಾನಾಗಿ ಬಿಡಬೇಕು, ನಾವು ಕೆರೆಯೋಕೆ ಹೋಗಬಾರದು."

ಗುದ್ದಪ್ಪ ಹೂಂ ಎಂದು ತಲೆಯಾಡಿಸಿ ನಾಣ್ಯವನ್ನು ಬಿಲಕ್ಕೆ ಒಯ್ದ. ನಾಳೆ ತಂದುಕೊಡುತ್ತೇನೆ ಎಂದೂ ಹೇಳಿದ್ದ. ಆದರೆ ಬೆಳಕು ಹರಿಯುತ್ತಿದ್ದಂತೆ ಅವನಿಗೆ ಬಂಡೆ, ಬಂಡೆಯ ಮೇಲಿನ ಜಾಗ, ಪೆಚ್ಚಾದ ಕೊಂಕಮ್ಮನ ಮುಖ ಇವೇ ಕಣ್ಣಮುಂದೆ ಬಂದವು. ಒಂದಿಷ್ಟು ಹುಣಸೆಹಣ್ಣು ತಂದ, ಕೆರೆಯ ಮರಳು ತಂದ, ಉಜ್ಜಲು ಕೂತ. ಕಪ್ಪು ಹೋಯಿತು, ಹೊಳಪು ಬಂತು. ಹೊಳಪು ಬಂದಷ್ಟೂ ಹುಮ್ಮಸ್ಸು, ಹುಮ್ಮಸ್ಸು ಬಂದಷ್ಟೂ ಮರಳು! ಅಷ್ಟರಲ್ಲಿ ಸಭೆಗೆ ಕರೆಯುವ ಮರಕುಟಿಗ ಟಕಟಕ ಕುಟ್ಟಿತು. ನಾಣ್ಯದ ಇನ್ನೊಂದು ಮುಖವನ್ನು ತಿರುಗಿಸಿಯೂ ನೋಡದೆ ಗುದ್ದಪ್ಪ ಎದ್ದು ಓಡಿದ.

ಬಂಡೆಯ ಮೇಲೆ ಇಟ್ಟಾಗ ನಾಣ್ಯ ಕಣ್ಣು ಕೋರೈಸಿತು. ಆನೆ ಬಗ್ಗಿ ನೋಡಿತು, ಹುಲಿ ಬಗ್ಗಿ ನೋಡಿತು. ಬಾಲವೂ ಇಲ್ಲ, ಕಿವಿಯೂ ಇಲ್ಲ. ಹೊಳೆಯ ಕಲ್ಲಿನ ಹಾಗೆ ನುಣ್ಣಗಿತ್ತು. ಕೊಂಕಮ್ಮ ಕೆಳಗಿಳಿದು ಬಂದು ಕತ್ತು ಚಾಚಿದಳು.

"ಏನೂ ಇಲ್ಲ ಅನ್ನಬೇಡಿ. ನಾನು ಕಾಣ್ತಿದೀನಿ. ಚೆನ್ನಾಗಿಯೇ ಕಾಣ್ತಿದೀನಿ" ಎಂದಳು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಗುದ್ದಪ್ಪನ ಕಣ್ಣು ತುಂಬಿತು. ಇಷ್ಟು ವರ್ಷ ಹುಡುಕಿದ್ದನ್ನು ತನ್ನ ಕೈಯಾರೆ ಅಳಿಸಿಹಾಕಿದ್ದ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಯಾರೋ ಹಿಂದಿನಿಂದ ಅಂದದ್ದೂ ಕೇಳಿಸಿತು.

ಚಿಪ್ಪಜ್ಜಿ ನಿಧಾನವಾಗಿ ಬಂಡೆ ಹತ್ತಿದಳು. ಅವಳು ಹತ್ತಿ ಮುಗಿಸುವಷ್ಟರಲ್ಲಿ ನಗುವವರಿಗೆ ನಕ್ಕು ಸಾಕಾಗಿತ್ತು. ಅವಳು ನಾಣ್ಯವನ್ನು ಮಗುಚಿ ಹಾಕಿದಳು. ಹಿಂಬದಿ ಇನ್ನೂ ಕಪ್ಪಾಗಿಯೇ ಇತ್ತು.

"ನಿನ್ನ ಪುಣ್ಯ, ನಿನ್ನ ಆತುರಕ್ಕೂ ಆತುರ ಇತ್ತು. ಈ ಕಡೆ ಉಜ್ಜೋಕೆ ಅದಕ್ಕೆ ಪುರುಸೊತ್ತಾಗಿಲ್ಲ" ಎಂದಳು.

ಅಂದಿನಿಂದ ಗುದ್ದಪ್ಪ ಮಡಕೆಯ ಪಕ್ಕದಲ್ಲೇ ಬಿಡಾರ ಹೂಡಿದ. ಮೊದಲ ದಿನ ನೂರು ಸಲ ಇಣುಕಿದ. ಮೂರನೆಯ ದಿನ ಕೈ ತಾನಾಗಿ ನೀರಿನತ್ತ ಹೋದಾಗ, ಎರಡೂ ಕೈಗಳ ಮೇಲೆ ಕೂತುಬಿಟ್ಟ. ಐದನೆಯ ದಿನದ ಹೊತ್ತಿಗೆ ನೀರು ಬದಲಿಸುವುದು ಅವನಿಗೆ ಇಷ್ಟವಾಗತೊಡಗಿತು. ಪ್ರತಿ ಸಲವೂ ನೀರು ಕೊಂಚ ಕಪ್ಪಾಗುತ್ತಿತ್ತು, ನಾಣ್ಯ ಕೊಂಚ ತಿಳಿಯಾಗುತ್ತಿತ್ತು. ಎಂಟನೆಯ ದಿನ ಚಿಪ್ಪಜ್ಜಿ ಅರಳೆ ಒತ್ತಿ ತೆಗೆದಳು.

ಮಾಸಲು ಬೆಳ್ಳಿಯ ಮೇಲೆ ಡೊಳ್ಳು ಹೊಟ್ಟೆಯ ಗಣಪ ಕೂತಿದ್ದ. ಅವನ ಕಾಲ ಬಳಿ, ಕಡುಬು ಹಿಡಿದುಕೊಂಡು, ಉದ್ದ ಬಾಲದ ಪುಟ್ಟ ಇಲಿ! ಗುದ್ದಪ್ಪ ಕುಣಿದ ಕುಣಿತಕ್ಕೆ ಮಡಕೆಯೇ ಉರುಳಿತು.

ಮುಂದಿನ ಸಭೆಯಲ್ಲಿ ಕೊಂಕಮ್ಮ ಸುಮ್ಮನಿರಲಿಲ್ಲ. ಅದು ಇಲಿ, ಹೆಗ್ಗಣ ಅಲ್ಲ ಎಂದು ತಕರಾರು ತೆಗೆದಳು.

"ಇಲಿ ನಮ್ಮ ಚಿಕ್ಕಪ್ಪನ ಮಗ ಕೊಂಕಮ್ಮ" ಎಂದ ಗುದ್ದಪ್ಪ, ಒಂದಿಷ್ಟೂ ಅವಸರವಿಲ್ಲದೆ.

ಗಣಪನ ಸೊಂಡಿಲು ಕಂಡು ಹಿಗ್ಗಿದ್ದ ಆನೆ ತಾನಾಗಿಯೇ ಪಕ್ಕಕ್ಕೆ ಸರಿದು ಜಾಗ ಮಾಡಿತು. ಹೆಗ್ಗಣಗಳು ಹತ್ತಿದವು, ಇಲಿಗಳು ಹತ್ತಿದವು, ಅವುಗಳ ಮರಿಗಳೂ ಹತ್ತಿದವು. ಕೊನೆಗೆ ಹುಲಿ ತನ್ನ ಬಾಲವನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಳ್ಳಬೇಕಾಯಿತು. ಉಜ್ಜಿದ ಮುಖದಲ್ಲಿ ಕಂಡಿದ್ದ ಬಾಲ, ಕಿವಿ ಯಾರವು ಎಂಬುದು ಮಾತ್ರ ಇಂದಿಗೂ ಯಾರಿಗೂ ಗೊತ್ತಿಲ್ಲ.

ಎಲ್ಲರೂ ಹೋದ ಮೇಲೆ ಕೊಂಕಮ್ಮ ಮೆಲ್ಲನೆ ಹತ್ತಿರ ಬಂದಳು. ಕಾಗೆಯ ಚಿತ್ರದ ನಾಣ್ಯವೇನಾದರೂ ಎಲ್ಲಾದರೂ ಕಂಡೀತೇ ಎಂದು ಕೇಳುವಾಗ ಅವಳ ದನಿಯಲ್ಲಿ ಕೊಂಕು ಇರಲಿಲ್ಲ.

"ಹುಡುಕೋಣ ಬಾ" ಎಂದ ಗುದ್ದಪ್ಪ. "ಆದರೆ ಸಿಕ್ಕಿದ ಮೇಲೆ ಎಂಟು ದಿನ ಕಾಯಬೇಕು. ನಿನ್ನ ಕೈಲಾಗದಿದ್ದರೆ ಹೇಳು, ಜೊತೆಗೆ ನಾನೂ ಕೂರ್ತೀನಿ."

ನೀತಿ: ಹೊಳಪಿಗೆ ಆತುರಪಟ್ಟವನು ಇದ್ದ ಗುರುತನ್ನೂ ಅಳಿಸಿಕೊಳ್ಳುತ್ತಾನೆ, ತಾಳಿದವನಿಗೆ ಮುಚ್ಚಿಹೋದದ್ದೂ ಕಾಣುತ್ತದೆ.